ಒಂಬತ್ತು ಪೊಟ್ಟಣ ಉಪ್ಪು

ಫ್ರೆಂಚ್ ಫ್ರೈಸ್ ಜೊತೆಗೆ ಕೊಡುವ ಉಪ್ಪಿನ ಪುಟ್ಟ ಕಾಗದದ ಪೊಟ್ಟಣವನ್ನು ನೀವು ಯಾವತ್ತಾದರೂ ತಕ್ಕಡಿಯಲ್ಲಿಟ್ಟು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಅಡುಗೆಮನೆಯ ತಕ್ಕಡಿಯ ಮುಳ್ಳು ಒಂದು ಪೊಟ್ಟಣಕ್ಕೆ ಕದಲುವುದೇ ಇಲ್ಲ. ಒಂಬತ್ತು ಪೊಟ್ಟಣ ಹರಿದು ಸುರಿದರೆ ಒಂದು ಟೀ ಚಮಚ ತುಂಬುತ್ತದೆ. ಬೆರಳಿನಿಂದ ತಟ್ಟಿ ಸಮ ಮಾಡಿದರೆ ಸ್ವಲ್ಪ ಕಡಿಮೆಯೇ.

ಹೆದ್ದಾರಿಯಲ್ಲಿ ಊಟಕ್ಕೆ ನಿಂತಾಗಲೆಲ್ಲ ಟ್ರೇ ಮೇಲೆ ಉಳಿದ ಉಪ್ಪಿನ ಪೊಟ್ಟಣಗಳನ್ನು ಕಸದ ಬುಟ್ಟಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವು ಕೈಚೀಲಕ್ಕೆ ಹೋಗುತ್ತವೆ, ಅಲ್ಲಿಂದ ಕಾರಿನ ಗ್ಲವ್ ಬಾಕ್ಸಿಗೆ. ಕಳೆದ ಭಾನುವಾರ ಎಣಿಸಿದಾಗ ನಲವತ್ತೊಂದು ಇದ್ದವು. ನನ್ನ ಗಂಡ ರಘು ಇದನ್ನೆಲ್ಲ ಸಹಿಸಿಕೊಂಡಿದ್ದಾನೆ, ಆದರೆ ಸುಮ್ಮನೆ ಸಹಿಸಿಕೊಳ್ಳುವ ಜಾತಿಯವನಲ್ಲ.

"ಸುಮಾ, ಮುಂದಿನ ಸ್ನೋಗೆ ರಸ್ತೆಗೆ ಉಪ್ಪು ಹಾಕೋಕೆ ಕೌಂಟಿಯವರು ಟ್ರಕ್ ಕಳಿಸೋದೇ ಬೇಡ. ನಮ್ ಕಾರ್ ಒಂದು ರೌಂಡ್ ಹೋಗಿ ಬಂದ್ರೆ ಸಾಕು" ಎನ್ನುತ್ತಾನೆ.

ನಾನೂ ನಗುತ್ತೇನೆ. ನಕ್ಕ ಮೇಲೆ ಗ್ಲವ್ ಬಾಕ್ಸ್ ಮುಚ್ಚುವಾಗ ಪ್ರತಿ ಸಲ ಮಾನಸಳ ಜಾಕೆಟ್ಟಿನ ಜೇಬು ನೆನಪಾಗುತ್ತದೆ.

ಮೊದಲು ನನ್ನ ರೋಗದ ಬಗ್ಗೆ ಹೇಳಿಬಿಡುತ್ತೇನೆ. ಹೈಸ್ಕೂಲಿನಿಂದಲೂ ನನಗೆ ಡೈರಿ ಬರೆಯುವ ಅಭ್ಯಾಸ. ಡೈರಿ ಎಂದರೆ ಮನಸ್ಸಿನ ಮಾತು, ಕನಸು, ಕಣ್ಣೀರು ಎಂದೆಲ್ಲ ನೀವು ಊಹಿಸಿಕೊಂಡರೆ ನಿರಾಶೆಯಾಗುತ್ತದೆ. ನನ್ನದು ಬರೀ ಎಣಿಕೆ. ಎಷ್ಟು ಚಪಾತಿ, ಎಷ್ಟು ಕಾಗದ ಬಂತು, ಎಷ್ಟು ಹೋಯಿತು, ಎಷ್ಟು ಗಂಟೆಗೆ ನಲ್ಲಿಯಲ್ಲಿ ನೀರು ನಿಂತಿತು. ಮದುವೆಯ ದಿನದ ಪುಟದಲ್ಲಿ ಇರುವುದು ಇಷ್ಟೇ: "ಹೂವಿನ ಹಾರ 6. ಸೆಕೆ. ಪಂಕ್ತಿ 4. ಅಪ್ಪ ಅತ್ತದ್ದು 1 ಸಲ." ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಕೆಮಿಸ್ಟ್ರಿ ಲ್ಯಾಬಿನ ರೆಕಾರ್ಡ್ ಪುಸ್ತಕ ಬರೆದದ್ದೂ ಇದೇ ಶ್ರದ್ಧೆಯಿಂದ. ಪಕ್ಕದ ಹುಡುಗಿಯರು ಉತ್ತರ ಮೊದಲೇ ಗೊತ್ತುಮಾಡಿಕೊಂಡು ಬ್ಯೂರೆಟ್ಟಿನ ರೀಡಿಂಗನ್ನು ಅದಕ್ಕೆ ಹೊಂದಿಸುತ್ತಿದ್ದರು. ನಾನು ಮಾತ್ರ ಬಂದದ್ದನ್ನೇ ಬರೆದು ಕಡಿಮೆ ಅಂಕ ತೆಗೆದುಕೊಂಡು, ಅದನ್ನು ಪದಕದ ಹಾಗೆ ಎದೆಗೆ ತಗುಲಿಸಿಕೊಂಡು ತಿರುಗುತ್ತಿದ್ದೆ. ಆ ಪದಕದ ಬಗ್ಗೆಯೇ ಈಗ ಹೇಳಬೇಕಾಗಿರುವುದು.

ಮದುವೆಯಾಗಿ ಮೇರಿಲ್ಯಾಂಡಿನ ಗೈದರ್ಸ್‌ಬರ್ಗಿಗೆ ಬಂದೆ. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ರಘು ಬೆಳಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದ. ಎಣಿಸುವುದಕ್ಕೆ ಮನೆಯಲ್ಲಿ ಹೊಸದೇನೂ ಉಳಿದಿರಲಿಲ್ಲ. ಮೊದಲ ಚಳಿಗಾಲದಲ್ಲಿ ಕಿಟಕಿಯಲ್ಲಿ ನಿಂತು ಉಪ್ಪಿನ ಟ್ರಕ್ಕುಗಳನ್ನು ಎಣಿಸಿದೆ. ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಿಮ ಕರಗುತ್ತದೆ, ಬೂಟಿನ ತಳವೆಲ್ಲ ಬೆಳ್ಳಗಾಗುತ್ತದೆ ಎಂದು ಅಮ್ಮನಿಗೆ ಬರೆದೆ. ಮೂರು ವಾರದ ಮೇಲೆ ಅವಳ ಉತ್ತರ ಬಂತು. ಹಿಮದ ಬಗ್ಗೆ ಒಂದು ಮಾತೂ ಇರಲಿಲ್ಲ. "ಉಪ್ಪನ್ನು ತುಳಿಯಬೇಡ. ತುಳಿಯಲೇಬೇಕಾದರೆ ಮನೆಗೆ ಬಂದ ತಕ್ಷಣ ಕಾಲು ತೊಳೆದುಕೋ" ಎಂದು ಬರೆದಿದ್ದಳು.

ನಮ್ಮ ಮನೆಯಲ್ಲಿ ಉಪ್ಪಿಗೆ ಇದ್ದ ಗೌರವ ಅಂಥದ್ದು. ಅಜ್ಜಿಯ ಒಲೆಯ ಪಕ್ಕದಲ್ಲಿ ಮರದ ಮರಿಗೆಯೊಂದಿತ್ತು, ಅದರ ತುಂಬ ಕಲ್ಲುಪ್ಪು. ಮಳೆಗಾಲದಲ್ಲಿ ಅದು ಬೆವರುತ್ತಿತ್ತು. ಉಪ್ಪನ್ನು ಯಾರೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ಜಗಳವಾಗುತ್ತದಂತೆ. ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ದೀಪ ಹಚ್ಚಿದ ಮೇಲೆ, ಶನಿವಾರವಾದರೆ ಇಡೀ ದಿನ, ಪಕ್ಕದ ಮನೆಯವರು ಕೇಳಿದರೂ ಕೊಡುವ ಹಾಗಿಲ್ಲ. ದೃಷ್ಟಿ ತೆಗೆದ ಉಪ್ಪನ್ನು ಅಜ್ಜಿ ಒಲೆಗೆ ಹಾಕಿದಾಗ ಚಟಪಟ ಸಿಡಿಯುತ್ತಿತ್ತು. "ನೋಡು, ಎಷ್ಟು ದೃಷ್ಟಿಯಾಗಿತ್ತು!" ಎನ್ನುತ್ತಿದ್ದಳು. ಒಂದು ದಿನ ನಾನು ಯಾರಿಗೂ ದೃಷ್ಟಿ ತೆಗೆಯದೆ ಒಂದು ಹಿಡಿ ಉಪ್ಪನ್ನು ಸುಮ್ಮನೆ ಒಲೆಗೆ ಹಾಕಿದೆ. ಅದೂ ಅಷ್ಟೇ ಸಿಡಿಯಿತು. ನನ್ನ ಜೀವನದ ಮೊದಲ ಪ್ರಯೋಗ ಅದು. ಬೆನ್ನಿಗೆ ಬಿದ್ದ ಪೆಟ್ಟು ಎರಡು.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಗೊತ್ತಿದ್ದೂ ಉಪ್ಪಿನ ಕ್ಲಾಸನ್ನು ಶನಿವಾರ ಇಟ್ಟೆ.

ಕ್ಲಾಸು ಶುರುವಾದದ್ದು ತೊಂಬತ್ತಾರರ ಚಳಿಗಾಲದಲ್ಲಿ. ಆ ವರ್ಷ ಹಿಮ ವಿಪರೀತ ಬಿದ್ದು ಶಾಲೆಗಳು ದಿನಗಟ್ಟಲೆ ಮುಚ್ಚಿದ್ದವು. ಮಕ್ಕಳು ಮನೆಯಲ್ಲೇ ಕೂತು ತಾಯಂದಿರ ತಲೆ ತಿನ್ನುತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ಆಸುಪಾಸಿನ ಐದು ಕನ್ನಡದ ಮನೆಗಳಿಂದ ಐದು ಮಕ್ಕಳು ಪ್ರತಿ ಶನಿವಾರ ಹತ್ತು ಗಂಟೆಗೆ ನಮ್ಮ ಊಟದ ಮೇಜಿಗೆ ಬರುವುದೆಂದು ಗೊತ್ತಾಯಿತು. ಉಪ್ಪು, ನೀರು, ಐಸು, ದಾರ, ಮನೆಯಲ್ಲಿ ಸಿಗುವ ಡಬ್ಬಿ ಬಾಟಲಿ ಬಿಟ್ಟರೆ ಬೇರೇನೂ ಬೇಡ ಎಂದು ನಾನೇ ಹೇಳಿದ್ದೆ.

ಮೊದಲ ವಾರಗಳು ಬಹಳ ಚೆನ್ನಾಗಿ ನಡೆದವು. ಐಸಿನ ತುಂಡಿನ ಮೇಲೆ ದಾರವಿಟ್ಟು ಉಪ್ಪು ಉದುರಿಸಿ, ಇಪ್ಪತ್ತು ಎಣಿಸಿ, ಗಂಟು ಹಾಕದೆಯೇ ಐಸನ್ನು ಎತ್ತಿದೆವು. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಬೇಕಿತ್ತು. ಆದರೆ ನನ್ನ ಮನೆಗೆ ಮೊಟ್ಟೆ ಬರುವ ಹಾಗಿರಲಿಲ್ಲ, ಎರಡು ಮನೆಯವರು ಮಕ್ಕಳು ಮುಟ್ಟುವುದೂ ಬೇಡ ಎಂದಿದ್ದರು. ಆಲೂಗಡ್ಡೆ ತೇಲಿಸಿದೆವು. "ಬುಕ್‌ನಲ್ಲಿ ಎಗ್ ಅಂತಿದೆ" ಎಂದು ಹತ್ತು ವರ್ಷದ ಕಾರ್ತಿಕ್ ತಕರಾರು ತೆಗೆದ. "ಆಲೂಗಡ್ಡೆನೂ ಬುಕ್ ಓದಿಲ್ಲ, ತೇಲಲಿ ಬಿಡು" ಎಂದು ರಘು ಸೋಫಾದಿಂದಲೇ ಕೂಗಿದ. ಆಲೂಗಡ್ಡೆ ತೇಲಿತು. ಆ ದಿನದ ಪುಟದಲ್ಲಿ "ಚಮಚ 9ಕ್ಕೆ ತೇಲಿತು. ಚಪ್ಪಾಳೆ" ಎಂದಿದೆ.

ಮಾನಸಳಿಗೆ ಆಗ ಎಂಟು ವರ್ಷ. ಅವಳ ತಾಯಿ ವನಜಕ್ಕ ಗದಗಿನ ಕಡೆಯವರು, ದೊಡ್ಡ ದನಿ, ದೊಡ್ಡ ಮನಸ್ಸು. ಮಗಳು ಅದಕ್ಕೆ ವಿರುದ್ಧ. ಎರಡು ಜಡೆ, ನೇರಳೆ ಬಣ್ಣದ ಜಾಕೆಟ್, ಮಾತು ಕಡಿಮೆ. ಅವಳ ಕನ್ನಡ ಗದಗಿನದು, ಉಚ್ಚಾರ ಮೇರಿಲ್ಯಾಂಡಿನದು. ನಾನು ಡೈರಿಯಲ್ಲಿ ಗೀಟು ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ನಾಲ್ಕು ನೇರ ಗೀಟು, ಐದನೆಯದು ಅಡ್ಡ.

"ಯಾಕ ಹಂಗ ಬರೀತೀರಿ ಆಂಟಿ?"

"ಮರೆತುಹೋಗಬಾರದು ಅಂತ."

"ಮರತ್ರ?"

"ಮರೆತ್ರೆ ಸುಳ್ಳು ಹೇಳಿಬಿಡ್ತೀವಿ."

ಇಂಥ ಮಾತುಗಳನ್ನು ಆಗ ನಾನು ಬಹಳ ಧಾರಾಳವಾಗಿ ಆಡುತ್ತಿದ್ದೆ.

ಫೆಬ್ರವರಿಯ ಮೊದಲ ಶನಿವಾರ ಹರಳು ಬೆಳೆಸುವ ಪ್ರಯೋಗ ಶುರುಮಾಡಿದೆವು. ಜಾಮ್ ಬಾಟಲಿಯಲ್ಲಿ ಮುಕ್ಕಾಲು ಕಪ್ ಬಿಸಿನೀರು, ಅದಕ್ಕೆ ಹನ್ನೆರಡು ಚಮಚ ಉಪ್ಪು. ಬಾಯಿಗೆ ಅಡ್ಡಲಾಗಿ ಪೆನ್ಸಿಲ್, ಪೆನ್ಸಿಲಿನಿಂದ ಬಾಟಲಿಯ ತಳಕ್ಕೆ ಇಳಿಬಿಟ್ಟ ಬಿಳಿ ದಾರ. ನೀರು ಆರುತ್ತಾ ಹೋದಂತೆ ದಾರಕ್ಕೆ ಉಪ್ಪು ಹರಳುಗಟ್ಟುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಅದಕ್ಕೊಂದು ನಿಯಮ ಸೇರಿಸಿದೆ. ಪ್ರತಿಯೊಬ್ಬರೂ ತಮ್ಮ ಮನೆಯ ಉಪ್ಪನ್ನೇ ತರಬೇಕು, ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಫ್ರಿಜ್ಜಿನ ಬಾಗಿಲಿಗೆ ದೊಡ್ಡ ಚಾರ್ಟು ಅಂಟಿಸಿ, ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದೆ: "ಯಾರ ಮನೆಯ ಉಪ್ಪು ಎಷ್ಟು ಬೆಳೆಯಿತು?" ಅದರಲ್ಲಿ ವಿಜ್ಞಾನವೇನೂ ಇರಲಿಲ್ಲ. ಎಲ್ಲ ಮನೆಯ ಉಪ್ಪೂ ಒಂದೇ ಅಂಗಡಿಯದು. ಆದರೆ ಚಾರ್ಟಿಗೆ ಐದು ಹೆಸರು, ಐದು ಕಾಲಂ ಇದ್ದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದು ನನಗೆ ಅನ್ನಿಸಿತ್ತು.

ಕಾರ್ತಿಕ್ ಇಡೀ ಉಪ್ಪಿನ ಡಬ್ಬಿಯನ್ನು ಅಪ್ಪಿಕೊಂಡು ಬಂದ. ಕಾವ್ಯಾ ಜಿಪ್ ಚೀಲದಲ್ಲಿ ತಂದಳು. ಮಾನಸ ಕೈಬೀಸಿಕೊಂಡು ಬಂದಳು, ಜಾಕೆಟ್ ಬಿಚ್ಚಲಿಲ್ಲ. ಮೇಜಿನ ಕೊನೆಯಲ್ಲಿ ನನಗೆ ಬೆನ್ನು ಹಾಕಿ ಕೂತಳು. ಕಾಗದ ಹರಿಯುವ ಸದ್ದು ಕೇಳಿಸಿತು.

"ಮಾನಸಾ, ಕ್ಲಾಸಲ್ಲಿ ಕ್ಯಾಂಡಿ ಬೇಡ ಪುಟ್ಟಿ."

"ಕ್ಯಾಂಡಿ ಅಲ್ಲ ಆಂಟಿ."

ನಾನು ಒಲೆಯ ಮೇಲಿನ ನೀರು ನೋಡಿಕೊಳ್ಳುತ್ತಿದ್ದೆ, ತಿರುಗಿ ನೋಡಲಿಲ್ಲ. ಎಲ್ಲರೂ ಕಲಕಿ ಮುಗಿಸಿದ ಮೇಲೆ ಡೈರಿ ಹಿಡಿದು ಒಬ್ಬೊಬ್ಬರನ್ನಾಗಿ ಕೇಳಿದೆ. ಎಷ್ಟು ಚಮಚ? ಹನ್ನೆರಡು. ಹನ್ನೆರಡು. ಕಾರ್ತಿಕ್ ಹದಿಮೂರು, ಅವನು ಯಾವಾಗಲೂ ಒಂದು ಜಾಸ್ತಿ. ಮಾನಸ ಬಾಟಲಿಯನ್ನೇ ನೋಡುತ್ತಾ "ಟ್ವೆಲ್ವ್" ಎಂದಳು. ಬರೆದುಕೊಂಡೆ.

ಬಾಟಲಿಗಳು ನನ್ನ ಕಿಟಕಿಯ ಕಟ್ಟೆಯ ಮೇಲೆ, ಹೀಟರಿನ ಮೇಲ್ಗಡೆ, ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ಕೂತವು. ಅವುಗಳ ಜೊತೆ ನನ್ನದೂ ಒಂದು, ಚೀಟಿ ಇಲ್ಲದ್ದು. ಎರಡನೇ ಶನಿವಾರ ಕಾರ್ತಿಕನ ದಾರದ ಮೇಲೆ ಎರಡು ಮಿಲಿಮೀಟರಿನ ಬಿಳಿ ಗೊಂಚಲು. ಕಾವ್ಯಾಳದು ಒಂದು. ಮಾನಸ, ಸೊನ್ನೆ. ಮೂರನೇ ಶನಿವಾರ ಎಲ್ಲರದೂ ಬೆಳೆದಿತ್ತು. ಮಾನಸ, ಸೊನ್ನೆ. ಚಾರ್ಟಿನಲ್ಲಿ ಸೊನ್ನೆ ಬರೆಯುವಾಗ ನಾನು ಅದನ್ನು ಚೆನ್ನಾಗಿ ದುಂಡಗೆ ಬರೆದಿದ್ದೆ. ಕೈಬರಹದ ವಿಷಯದಲ್ಲಿ ನಾನು ಅಚ್ಚುಕಟ್ಟು.

ನಾಲ್ಕನೇ ಶನಿವಾರ ಕಾರ್ತಿಕ್ ಬಾಟಲಿಗೆ ಮೂಗು ಆನಿಸಿ ಹೇಳಿದ: "ಮಾನಸಾ, ನಿಮ್ಮನೆ ಉಪ್ಪು ಬ್ರೋಕನ್. ಫೇಕ್ ಉಪ್ಪು."

"ಕಾರ್ತಿಕ್!" ಎಂದೆ. ಅಷ್ಟೇ. ಗದರಿದ್ದಾಯಿತು ಎಂದುಕೊಂಡೆ.

ಅವಳು ಅಳಲಿಲ್ಲ. ಪೆನ್ಸಿಲಿಗೆ ಸುತ್ತಿ ಹೊರಗೆ ಜೋತುಬಿದ್ದಿದ್ದ ದಾರದ ತುದಿಯನ್ನು ಬೆರಳಿನಲ್ಲಿ ಹಿಡಿದು ಏನೋ ಮಾಡುತ್ತಿದ್ದಳು. "ಬಾಟಲಿ ಅಲುಗಾಡಿಸಬೇಡ, ಅದಕ್ಕೇ ಬರ್ತಿಲ್ಲ" ಎಂದೆ. ಕೈ ತೆಗೆದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು:

"ಆಂಟಿ, ನೀರು ಎಲ್ಲಾ ಹೋದ್ರ ಉಪ್ಪು ಎಲ್ಲಿ ಹೋಗ್ತದ?"

"ಎಲ್ಲೂ ಹೋಗಲ್ಲ. ಬಾಟಲೀಲೇ ಇರತ್ತೆ."

"ಸ್ವಲ್ಪ ಇದ್ರೂ?"

"ಸ್ವಲ್ಪ ಇದ್ರೂ."

"ಪ್ರಾಮಿಸ್?"

"ಪ್ರಾಮಿಸ್."

ಅವಳ ಮುಖ ಅಷ್ಟು ಸಮಾಧಾನವಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಐದು ಮಕ್ಕಳಲ್ಲಿ ಒಂದೇ ಒಂದು ಮಗು ಸರಿಯಾದ ಪ್ರಶ್ನೆ ಕೇಳಿತ್ತು, ಸರಿಯಾದ ಉತ್ತರವೂ ಸಿಕ್ಕಿತ್ತು. ಇನ್ನು ಕಾಯುವುದಷ್ಟೇ ಬಾಕಿ ಎಂದು ಅದು ತೀರ್ಮಾನ ಮಾಡಿಕೊಂಡಿತ್ತು. ಇದೆಲ್ಲ ನನಗೆ ಈಗ ಗೊತ್ತು. ಆವತ್ತಿನ ಪುಟದಲ್ಲಿ "ಮಾನಸ 0. ದಾರ ಮುಟ್ಟುತ್ತಾಳೆ" ಎಂದು ಮಾತ್ರ ಇದೆ.

ಐದನೇ ಶನಿವಾರವೂ ಸೊನ್ನೆ. ಆರನೇ ಶನಿವಾರ ತಂದೆತಾಯಿಯರನ್ನೆಲ್ಲ ಉಪ್ಪಿಟ್ಟು ಕಾಫಿಗೆ ಕರೆದಿದ್ದೆ, ಮಕ್ಕಳು ತಮ್ಮ ತಮ್ಮ ಹರಳು ತೋರಿಸಲೆಂದು. ಹಿಂದಿನ ದಿನ ಶುಕ್ರವಾರ ಮಧ್ಯಾಹ್ನ ಬಾಟಲಿಗಳನ್ನು ಒರೆಸಿಡುತ್ತಿದ್ದಾಗ ನನ್ನ ಕಣ್ಣು ಚಾರ್ಟಿನಲ್ಲಿ ಮಾನಸಳ ನಾಲ್ಕು ಸೊನ್ನೆಗಳ ಮೇಲೆ ಬಿತ್ತು. ಪಾಪ, ಮಗು ಎಲ್ಲರ ಮುಂದೆ ಹೇಗೆ ನಿಂತುಕೊಳ್ಳಬೇಕು ಎಂದುಕೊಂಡೆ. ಆಗ ಹಾಗೆ ಅಂದುಕೊಂಡದ್ದು ನಿಜ. ಆದರೆ ಇಷ್ಟು ದಿನ ಯೋಚಿಸಿದ ಮೇಲೆ ಒಪ್ಪಿಕೊಳ್ಳುತ್ತೇನೆ, ಆ ಕಾಲಂ ನನ್ನ ಚಾರ್ಟನ್ನು ಕೆಡಿಸಿತ್ತು. ಕೆಮಿಸ್ಟ್ರಿ ಓದಿದವಳ ಕ್ಲಾಸಿನಲ್ಲಿ ಒಂದು ಬಾಟಲಿ ಫೇಲಾಗಿದೆ ಎಂದು ನಾಲ್ಕು ಜನ ನೋಡುತ್ತಾರೆ.

ಮಾನಸಳ ಹೆಸರಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ನನ್ನ ಬಾಟಲಿಗೆ ಅಂಟಿಸಿದೆ. ಅದರಲ್ಲಿ ಒಳ್ಳೆಯ ಗೊಂಚಲು ಬೆಳೆದಿತ್ತು. ಅವಳ ಬಾಟಲಿಯನ್ನು ವಾಷಿಂಗ್ ಮಷೀನಿನ ಮೇಲಿನ ಶೆಲ್ಫಿನಲ್ಲಿ ಸೋಪಿನ ಪುಡಿಯ ಡಬ್ಬದ ಹಿಂದೆ ಇಟ್ಟೆ. ಡೈರಿಯಲ್ಲಿ ಬರೆದೆ: "ಮಾನಸ 11 ಮಿ.ಮೀ."

ಕಾಲೇಜಿನ ಆ ಹುಡುಗಿಯರು ಕಡೆಯ ಪಕ್ಷ ಪರೀಕ್ಷೆಗೆ ಹೆದರಿ ಹಾಗೆ ಮಾಡುತ್ತಿದ್ದರು.

ಶನಿವಾರ ಮನೆ ತುಂಬಿತು. ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ. "ಎಲ್ಲಾ ಉಪ್ಪನ್ನೂ ಬಾಟಲಿಗೇ ಸುರಿದಿದ್ದಾಳೆ" ಎಂದು ರಘು ಎಲ್ಲರನ್ನೂ ನಗಿಸಿದ. ಮಕ್ಕಳು ಕಿಟಕಿಯ ಹತ್ತಿರ ಓಡಿದರು. ಮಾನಸ ತನ್ನ ಹೆಸರಿನ ಬಾಟಲಿಯ ಮುಂದೆ ನಿಂತಳು. ಹರಳನ್ನು ಅವಳು ನೋಡಲೇ ಇಲ್ಲ. ಪೆನ್ಸಿಲಿನಿಂದ ಜೋತುಬಿದ್ದ ದಾರದ ತುದಿಯನ್ನು ಹಿಡಿದು, ಬೆರಳುಗಳ ನಡುವೆ ಎಳೆದು ನೋಡಿದಳು. ಮತ್ತೆ ಎಳೆದು ನೋಡಿದಳು.

ಅಷ್ಟರಲ್ಲಿ ವನಜಕ್ಕ ಬಂದರು. "ಅಯ್ಯ, ಇದೇನ್ರೀ ಸುಮಾ, ಎಷ್ಟ್ ಚೆಂದ ಆಗೇತಿ! ಖರೇನ ನಮ್ಮ ಮಾನಸಂದಾ?" ಎಂದು ಬಗ್ಗಿ ಚೀಟಿ ಓದಿದರು. ಆಮೇಲೆ ನಗುತ್ತಲೇ ಕೇಳಿದರು: "ಅಂದ್ರ ಇದು ನಿಮ್ಮ ಮನಿ ಉಪ್ಪಲ್ರೀ? ನಾ ಕೊಟ್ಟಾಕಿ ಅಲ್ಲ. ಶನಿವಾರ ನಮ್ಮ ಮನ್ಯಾಗಿನ ಉಪ್ಪು ಹೊರಗ ಕೊಡಂಗಿಲ್ಲ ನೋಡ್ರಿ, ನಮ್ಮತ್ತಿಯವರು ಹಾಕಿದ ಪದ್ಧತಿ. ಆಂಟಿ ಮನ್ಯಾಗ ಉಪ್ಪಿಲ್ಲೇನು, ಅಲ್ಲೇ ಇಸ್ಕೋ ಅಂತ ಹೇಳಿ ಕಳಿಸಿದ್ದೆ."

ಕಾರ್ತಿಕನ ಕಿವಿ ಚುರುಕು. "ಆಂಟಿ! ರೂಲ್ ಇತ್ತಲ್ಲ! ಓನ್ ಸಾಲ್ಟ್ ಅಂತ! ಲಾಸ್ಟ್ ವೀಕ್ ಝೀರೋ ಇತ್ತು, ಈಗ ಇಷ್ಟು ದೊಡ್ಡದು? ಶೀ ಚೀಟೆಡ್!"

ಎಲ್ಲರೂ ಇತ್ತ ತಿರುಗಿದರು. ಕೈಯಲ್ಲಿ ಉಪ್ಪಿಲ್ಲದ ಉಪ್ಪಿಟ್ಟಿನ ತಟ್ಟೆ. ಮಾನಸ ನನ್ನನ್ನು ನೋಡಿದಳು. ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಬದಲಿಗೆ ನನ್ನ ಬಾಯಿಂದ ಬಂದದ್ದು ಇದು:

"ಏನೋ ಬಾಟಲಿ ಅದಲುಬದಲಾಗಿರಬೇಕು. ಮಕ್ಕಳು ಮುಟ್ಟಿರ್ತಾರೆ, ಬಿಡಿ."

ಮಕ್ಕಳು ಮುಟ್ಟಿರ್ತಾರೆ ಎಂದೆ. ದಾರ ಮುಟ್ಟುವ ಮಗು ಒಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನೇ ಪ್ರತಿ ವಾರ ಗದರಿ ಗದರಿ ಗೊತ್ತುಮಾಡಿದ್ದೆ.

ವನಜಕ್ಕನ ಮುಖದ ನಗು ಇಳಿಯಿತು. "ಏನ್ ಮಾಡಿದಿ ಮಾನಸಾ? ಬ್ಯಾರೇದವರ ಬಾಟ್ಲಿಗೆ ನಿನ್ನ ಹೆಸರ ಹಚ್ಚಿದೇನು? ಖರೇ ಹೇಳ."

"ಐ ಹ್ಯಾಡ್ ನೈನ್ ಪ್ಯಾಕೆಟ್ಸ್" ಎಂದಳು ಅವಳು, ಬಹಳ ಸಣ್ಣ ದನಿಯಲ್ಲಿ. "ಫ್ರೈಸ್ ಜೊತಿ ಕೊಡ್ತಾರಲ್ಲ, ಆ ಪ್ಯಾಕೆಟ್ಸ್. ನಾ ಟ್ವೆಲ್ವ್ ಅಂತ ಸುಳ್ಳು ಹೇಳಿದೆ. ಬಟ್ ಇದು ನಂದಲ್ಲ. ನನ್ನ ದಾರಕ್ಕ ಐದು ಗಂಟು ಇದ್ವು. ವಾರಕ್ಕ ಒಂದು. ಐ ವಾಸ್ ಕೌಂಟಿಂಗ್." ಆಮೇಲೆ ನನ್ನ ಕಡೆಗೇ ತಿರುಗಿ ಹೇಳಿದಳು: "ಇಟ್ಸ್ ಸಪೋಸ್ಡ್ ಟು ಬಿ ಝೀರೋ, ಆಂಟಿ."

ಒಂಬತ್ತು ಪೊಟ್ಟಣ. ಅಷ್ಟು ಉಪ್ಪು ಅಷ್ಟು ನೀರಿನಲ್ಲಿ ಐದು ವಾರಕ್ಕೆ ಸೊನ್ನೆಯೇ ಆಗಬೇಕು. ಬಾಟಲಿ ಸರಿಯಾಗಿತ್ತು, ಚಾರ್ಟು ಸರಿಯಾಗಿತ್ತು, ಎಣಿಸುತ್ತಿದ್ದ ಮಗುವೂ ಸರಿಯಾಗಿತ್ತು. ಅಮ್ಮ ಕೊಡಲಿಲ್ಲ ಎಂದು ಹೇಳಿದರೆ ಅಮ್ಮನಿಗೆ ಅವಮಾನ, ಆಂಟಿಯ ಉಪ್ಪು ಕೇಳಿದರೆ ಆಂಟಿಯ ನಿಯಮ ಅಡ್ಡ. ನಡುವೆ ತನ್ನ ಪಾಡಿಗೆ ದಾರಿ ಹುಡುಕಿಕೊಂಡು, ಆಡಿದ ಒಂದು ಸುಳ್ಳನ್ನು ಎಲ್ಲರೆದುರಿಗೆ ತಾನೇ ಒಪ್ಪಿಕೊಂಡಿತ್ತು ಮಗು. ನನ್ನ ಸುಳ್ಳು ಮಾತ್ರ ಹಾಗೇ ನಿಂತಿತ್ತು.

"ಸುಳ್ಳು ಹೇಳೀನಿ ಅಂತ ನೀನ ಅಂತಿ, ಮ್ಯಾಲೆ ವಾದ ಬ್ಯಾರೆ. ಆಂಟಿಗೆ ಸಾರಿ ಅನ್ನು" ಎಂದರು ವನಜಕ್ಕ.

"ಸಾರಿ, ಆಂಟಿ."

ನಾನು "ಪರವಾಗಿಲ್ಲ ಪುಟ್ಟಿ" ಎಂದೆ. ಅವಳ ತಲೆ ಸವರಿದೆ ಕೂಡ.

ಆ ದಿನದ ಡೈರಿ: "ಉಪ್ಪಿಟ್ಟು 14 ತಟ್ಟೆ. ಕಾಫಿ 11. ಮೋಡ."

ಮುಂದಿನ ಮೂರು ಶನಿವಾರ ಮಾನಸ ಬರಲಿಲ್ಲ. ಆಮೇಲೆ ಕ್ಲಾಸೇ ನಿಂತಿತು. ಏಪ್ರಿಲ್ ಕೊನೆಗೆ ಅವಳ ತಂದೆಗೆ ಅಟ್ಲಾಂಟಾದ ಹತ್ತಿರ ಅಲ್ಫರೆಟಾದಲ್ಲಿ ಹೊಸ ಪ್ರಾಜೆಕ್ಟ್ ಸಿಕ್ಕಿ ಅವರು ಮನೆ ಖಾಲಿ ಮಾಡಿದರು. ಬೀಳ್ಕೊಡಲು ನಾನೂ ಹೋಗಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಮಾನಸ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಮುಂದೆ ನೋಡುತ್ತಾ ಕೂತಿದ್ದಳು. ಕಿಟಕಿಯ ಗಾಜು ಏರಿಸಿತ್ತು. ಅದನ್ನು ತಟ್ಟಬೇಕೆಂದು ಎರಡು ಸಲ ಕೈ ಎತ್ತಿದೆ. ತಟ್ಟಿದ್ದು ಸೊನ್ನೆ ಸಲ.

ಜೂನ್ ತಿಂಗಳಲ್ಲಿ ಸೋಪಿನ ಪುಡಿ ಮುಗಿದು ಹೊಸ ಡಬ್ಬ ಇಡುವಾಗ ಕೈಗೆ ಬಾಟಲಿ ಸಿಕ್ಕಿತು. ಬಟ್ಟೆ ಒಣಗಿಸುವ ಮಷೀನಿನ ಬಿಸಿಗೆ ನೀರೆಲ್ಲ ಆರಿಹೋಗಿತ್ತು. ಪೆನ್ಸಿಲು ಹಾಗೇ ಇತ್ತು, ಹೊರಗೆ ಜೋತುಬಿದ್ದ ದಾರದಲ್ಲಿ ಪುಟ್ಟ ಪುಟ್ಟ ಐದು ಗಂಟು. ನಾಲ್ಕು ಒತ್ತಾಗಿ, ಐದನೆಯದು ಸ್ವಲ್ಪ ದೂರದಲ್ಲಿ. ತಳದಲ್ಲಿ ಉಪ್ಪಿನ ತೆಳುವಾದ ಬಿಳಿ ಪರೆ, ಪರೆಯ ನಡುವೆ, ದಾರದ ಕೊನೆಯನ್ನು ಒಳಗೆ ಹಿಡಿದುಕೊಂಡು, ಒಂದೇ ಒಂದು ಹರಳು.

ಕಾರ್ತಿಕನದೂ ನನ್ನದೂ ಎಲ್ಲ ಬಿಳಿ ಬಿಳಿ ಗೊಂಚಲುಗಳು, ಹೂಕೋಸಿನ ತುಣುಕಿನ ಹಾಗೆ. ಉಪ್ಪು ಜಾಸ್ತಿಯಾದರೆ ಅವಸರದಲ್ಲಿ ಹಾಗೆ ಒಂದರ ಮೇಲೊಂದು ಬೀಳುತ್ತದೆ. ಇದು ಆರು ಮುಖದ ಘನ. ಗಾಜಿನಷ್ಟು ತಿಳಿ. ಅಂಚುಗಳು ಚಾಕುವಿನಿಂದ ಕೊಯ್ದ ಹಾಗೆ. ಸ್ವಲ್ಪವೇ ಉಪ್ಪು, ಬೇಕಾದಷ್ಟು ಸಮಯ, ಯಾರೂ ಮುಟ್ಟದ ಜಾಗ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಅದೇ ಮೊದಲು. ಬಟ್ಟೆಯ ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಸ್ಕೇಲು ತಂದು ಅಳೆದೆ. "ಮಾನಸ 6 ಮಿ.ಮೀ." ಎಂದು ಬರೆದೆ.

ಸಂಜೆ ಅಲ್ಫರೆಟಾಗೆ ಫೋನ್ ಮಾಡಿದೆ. ವನಜಕ್ಕನ ದನಿ ಅದೇ ದೊಡ್ಡ ದನಿ. ಚೀಟಿ ಬದಲಾಯಿಸಿದ್ದು ನಾನು, ಮಾನಸ ಅಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

"ಅಯ್ಯ, ಹೋಗ್ಲಿ ಬಿಡ್ರೀ. ಸಣ್ಣ ಹುಡುಗರ ಆಟಕ್ಕ ಇಷ್ಟ್ಯಾಕ ಮನಸಿಗೆ ಹಚ್ಕೊಂಡೀರಿ?" ಎಂದರು. ಅವರು ಕ್ಷಮಿಸಿದರು. ಕ್ಷಮೆ ಬೇಕಾಗಿದ್ದದ್ದು ಅವರಿಂದಲ್ಲ. ಮಾನಸಳನ್ನು ಕರೆಯುತ್ತೀರಾ ಎಂದೆ. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದರೂ ಮಾತು ಕೇಳಿಸಿತು. "ಸುಮಾ ಆಂಟಿ ಅದಾರ, ಬಾ ಇಲ್ಲೆ." ಏನೋ ಉತ್ತರ. ಮತ್ತೆ ಫೋನಿಗೆ: "ಜಳಕಾ ಮಾಡಾಕತ್ತಾಳಂತ್ರೀ." ಆಮೇಲೆ ಅವರಿಗೇ ನಾಚಿಕೆಯಾಗಿ ನಕ್ಕರು.

ಮಾರನೆಯ ದಿನ ಫಿಲ್ಮ್ ರೋಲಿನ ಕರಿ ಡಬ್ಬಿಯಲ್ಲಿ ಹತ್ತಿ ತುಂಬಿ, ಹರಳನ್ನು ದಾರದ ಸಮೇತ ಒಳಗಿಟ್ಟೆ. ಅವಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಸುಲಭದ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಚೀಟಿ ಬದಲಿಸಿದವಳು ನಾನು. ಎಲ್ಲರ ಮುಂದೆ ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಸೊನ್ನೆ ಸರಿಯಾಗಿತ್ತು. ಇದು ನಿನ್ನ ಒಂಬತ್ತು ಪೊಟ್ಟಣದ ಹರಳು, ಆರು ಮಿಲಿಮೀಟರ್, ಇಡೀ ಕ್ಲಾಸಿನಲ್ಲಿ ಇದಕ್ಕಿಂತ ಚೆನ್ನಾದದ್ದು ಇಲ್ಲ. ನಾಲ್ಕು ವಾಕ್ಯಗಳಿಗೆ ನಾಲ್ಕು ಕರಡು ಬೇಕಾಯಿತು.

ಹದಿನಾರು ದಿನದ ಮೇಲೆ ಉತ್ತರ ಬಂತು. ಗೆರೆ ಹಾಕಿದ ಒಂದು ಪುಟ್ಟ ಕಾರ್ಡು. ಮೇಲೆ ನನ್ನ ಹೆಸರಿರಲಿಲ್ಲ, "ಆಂಟಿ" ಎಂದೂ ಇರಲಿಲ್ಲ, ಕೆಳಗೆ ಅವಳ ಹೆಸರೂ ಇರಲಿಲ್ಲ. ಇಂಗ್ಲಿಷಿನಲ್ಲಿ ದುಂಡಗೆ ಬರೆದಿತ್ತು:

"ಬಂದದ್ದು 1. ಮುರಿದದ್ದು 0. ಗಂಟು 5. ನೀವು 6 ಎಂದು ಬರೆದಿದ್ದೀರಿ. ನಾನು ಮೂರು ಸಲ ಅಳೆದೆ. ಐದೂವರೆ."

ಜೂನ್ ತಿಂಗಳ ಆ ದಿನವನ್ನು ನೆನಪು ಮಾಡಿಕೊಂಡೆ. ಸ್ಕೇಲಿನ ಮೇಲೆ ಹರಳಿನ ಅಂಚು ಎರಡು ಗೆರೆಗಳ ನಡುವೆ ನಿಂತಿತ್ತು. ನಾನು ಮೇಲಿನದನ್ನು ಬರೆದಿದ್ದೆ. ಮಗುವಿಗೆ ಸಂತೋಷವಾಗಲಿ ಎಂದು.

ಆ ಪುಟದಲ್ಲಿ ಆರನ್ನು ಹೊಡೆದು ಐದೂವರೆ ಬರೆದೆ. ಮಾರ್ಚಿಗೆ ತಿರುಗಿ ಹನ್ನೊಂದನ್ನು ಹೊಡೆದು ಸೊನ್ನೆ ಬರೆದೆ. ಆಮೇಲೆ ಉಳಿದ ನಾಲ್ಕು ಮನೆಗಳಿಗೂ ಒಂದೊಂದಾಗಿ ಫೋನ್ ಮಾಡಿದೆ. ದೊಡ್ಡವರಿಗೆ ಆ ದಿನ ನೆನಪೇ ಇರಲಿಲ್ಲ. "ಯಾವ ಬಾಟಲಿ?" ಎಂದರು. ಮಾನಸಳಿಂದ ಅದಾದ ಮೇಲೆ ಏನೂ ಬಂದಿಲ್ಲ. ಮೂರು ವರ್ಷವಾಗುತ್ತಾ ಬಂತು. ಪ್ರತಿ ದೀಪಾವಳಿಗೂ ಅವರಿಗೆ ಕಾರ್ಡು ಕಳಿಸುತ್ತೇನೆ. ವನಜಕ್ಕ ಉತ್ತರ ಬರೆಯುತ್ತಾರೆ, ಕೊನೆಯಲ್ಲಿ ಮೂವರ ಹೆಸರನ್ನೂ ತಾವೇ ಹಾಕುತ್ತಾರೆ. ಅಕ್ಷರವೆಲ್ಲ ಒಂದೇ ಕೈಯದು.

ಆ ನಾಲ್ಕು ಮನೆಗಳಲ್ಲಿ ಕೊನೆಯದು ಕಾರ್ತಿಕನದು. ಫೋನ್ ಎತ್ತಿದವನೂ ಅವನೇ. ಹೇಳಿದೆ.

"ಓಹ್. ಓಕೆ. ಸೋ, ಅವಳದು ಎಷ್ಟು ಬಂತು, ಆಂಟಿ? ನಂದು ಥರ್ಟೀನ್."

ಆರು ಎನ್ನಲು ಬಾಯಿ ತೆರೆದಿದ್ದೆ.

"ಐದೂವರೆ" ಎಂದೆ.